ನಮ್ಮ ಸೈಕಲ್ಲಿನ ಸೀಟು ಜಾರದಂತೆ ಮಾಡಿದ ಕಥೆ



ಈ ಸಲದ ಗೋಡೆ ಪತ್ರಿಕೆಗೆ ‘ನಾನು ಕಲಿತ ಒಂದು ಕೆಲಸ’ ಎಂಬ ವಿಷಯ ಕೊಟ್ಟಿದ್ದಾರೆ. ನಮ್ಮ ತರಗತಿಯಲ್ಲಿ ಒಬ್ಬಳು ಹೂ ಕಟ್ಟುವುದನ್ನು ಬರೆದಿದ್ದಾಳೆ. ಇನ್ನೊಬ್ಬ ರೇಷ್ಮೆ ಹುಳುವಿಗೆ ಸೊಪ್ಪು ಹಾಕುವುದನ್ನು ಬರೆದಿದ್ದಾನೆ. ನಾನು ಸೈಕಲ್ ಸೀಟು ಜಾರದ ಹಾಗೆ ಕೂರಿಸುವುದನ್ನು ಬರೆಯುತ್ತೇನೆ. ‘ಅದೇನು ಮಹಾ ಕೆಲಸ, ನಟ್ಟು ಬಿಗಿ ಮಾಡಿದರೆ ಆಯ್ತು’ ಎಂದು ನೀವು ನಗಬಹುದು. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ದಯವಿಟ್ಟು ಕೊನೆಯವರೆಗೂ ಓದಿ. ಇದರಲ್ಲಿ ಸೀಟಿನ ವಿಷಯ ಅಲ್ಲದೆ ಇನ್ನೊಂದು ವಿಷಯವೂ ಇದೆ. ಅದನ್ನು ಹೇಳಬೇಕು ಅಂತಲೇ ನಾನು ಇದನ್ನು ಬರೆಯಲು ಕೂತಿದ್ದು.

ನಮ್ಮ ಸೈಕಲ್ ನಮ್ಮ ಅಜ್ಜನ ಕಾಲದ್ದು. 22 ಇಂಚಿನ ಕರಿ ಸೈಕಲ್. ನಡುವೆ ಬಾರ್ ಇದೆ, ಹಿಂದೆ ಕ್ಯಾರಿಯರ್ ಇದೆ. ಸೀಟಿನ ಕೆಳಗೆ ದಪ್ಪ ಸ್ಪ್ರಿಂಗ್ ಇದೆ. ಬೆಲ್ ಒಂದು ಬಿಟ್ಟು ಎಲ್ಲಾ ಸದ್ದು ಮಾಡುತ್ತದೆ ಎಂದು ಅಪ್ಪ ತಮಾಷೆ ಮಾಡುತ್ತಾರೆ. ಐದನೇ ಕ್ಲಾಸಿನಲ್ಲಿ ಇದ್ದಾಗ ನಾನು ಬಾರಿನ ಒಳಗಿಂದ ಕಾಲು ತೂರಿಸಿ ಒಳಪೆಡಲ್ ಹೊಡೆಯುತ್ತಿದ್ದೆ. ಆರನೇ ಕ್ಲಾಸಿನಲ್ಲಿ ಬಾರಿನ ಮೇಲೆ ಹತ್ತಿದೆ. ಈ ವರ್ಷ ಸೀಟಿನ ಮೇಲೆ ಕೂತು ತುಳಿಯುತ್ತೇನೆ.

ನಮ್ಮ ಮನೆ ಊರ ಒಳಗಿಲ್ಲ, ತೋಟದಲ್ಲಿದೆ. ಅಲ್ಲಿಂದ ಡೇರಿಗೆ 2 ಕಿಲೋಮೀಟರ್. ನಮ್ಮದು ಎರಡು ಹಸು, ಒಂದು ಬತ್ತಿದೆ, ಒಂದು ಕರೆಯುತ್ತಿದೆ. ಬೆಳಿಗ್ಗೆ ಅವ್ವ ಕರೆದ 4 ಲೀಟರ್ ಹಾಲನ್ನು ಕ್ಯಾನಿನಲ್ಲಿ ಹಾಕಿ, ಕ್ಯಾನನ್ನು ಹ್ಯಾಂಡಲಿಗೆ ನೇತು ಹಾಕಿಕೊಂಡು ಡೇರಿಗೆ ಹಾಕಿ ಬರುವುದು ನನ್ನ ಕೆಲಸ. ಏಳೂವರೆಗೆ ಡೇರಿ ಬಾಗಿಲು ಹಾಕುತ್ತಾರೆ. ಆ ಹಾಲಿನ ದುಡ್ಡಿನಲ್ಲೇ ನಮ್ಮ ಮನೆಯ ಸಂತೆ ಖರ್ಚು, ನಮ್ಮ ನೋಟ್‌ಬುಕ್ಕು, ಹಸುವಿನ ಹಿಂಡಿ ಎಲ್ಲಾ ನಡೆಯಬೇಕು. ಆದ್ದರಿಂದ ಸೈಕಲ್ ಕೆಟ್ಟರೆ ನಮ್ಮ ಮನೆಗೆ ಬಹಳ ತೊಂದರೆ.

ನಾನು ಈ ವರ್ಷ ಸ್ವಲ್ಪ ಉದ್ದ ಆಗಿದ್ದೇನೆ. ಸೀಟು ತಗ್ಗಾಗಿ ಮೊಣಕಾಲು ಹ್ಯಾಂಡಲಿಗೆ ತಗುಲುತ್ತಿತ್ತು. ಅದಕ್ಕೆ ಅಪ್ಪ ಶ್ರಾವಣದಲ್ಲಿ ಒಂದು ದಿನ ಬಸ್ ಸ್ಟಾಪ್ ಹತ್ತಿರದ ಸೈಕಲ್ ಶಾಪಿಗೆ ತೆಗೆದುಕೊಂಡು ಹೋಗಿ ಸೀಟನ್ನು ಎರಡು ಬೆರಳು ಎತ್ತಿಸಿ, ಬಿಗಿ ಮಾಡಿಸಿ, 30 ರೂಪಾಯಿ ಕೊಟ್ಟು ಬಂದರು. ಆ ಶಾಪಿನ ತಾತ ನಿಮಗೆಲ್ಲಾ ಗೊತ್ತು. ನಮ್ಮ ಶಾಲೆಯ ಎಷ್ಟೋ ಮಕ್ಕಳಿಗೆ ಅವರು ಪುಕ್ಕಟೆ ಗಾಳಿ ಹಾಕಿ ಕೊಟ್ಟಿದ್ದಾರೆ.

ಸೀಟು ಎತ್ತಿಸಿದ ಮೇಲೆ ತುಳಿಯುವುದಕ್ಕೆ ಸುಖವಾಯಿತು. ಆದರೆ ಒಂದು ಪೆಡಲ್ ತುಳಿದರೆ ಒಂದು ಸಲ ‘ಕಿರ್ರ್’ ಅನ್ನೋದು ಶುರುವಾಯಿತು. ನಾನು ಶಾಲೆಯ ಗೇಟಿನ ಹತ್ತಿರ ಬಂದ ಕೂಡಲೇ ಹುಡುಗರು ‘ಎತ್ತಿನ ಗಾಡಿ ಬಂತು, ದಾರಿ ಬಿಡ್ರೋ’ ಎಂದು ಕೂಗುತ್ತಿದ್ದರು. (ಯಾರು ಅಂತ ಇಲ್ಲಿ ಬರೆಯುವುದಿಲ್ಲ, ಅವರಿಗೇ ಗೊತ್ತು.) ನನಗೆ ಬಹಳ ಅವಮಾನವಾಯಿತು.

ಅವತ್ತು ಸಾಯಂಕಾಲ ಮನೆಯಲ್ಲಿ ಯಾರೂ ಇರಲಿಲ್ಲ. ಗಾಡಿಯ ಚಕ್ರ ಕಿರುಗುಟ್ಟಿದರೆ ಕೀಲಿಗೆ ಎಣ್ಣೆ ಹಾಕುತ್ತಾರೆ ತಾನೆ? ಸೈಕಲ್ಲಿಗೂ ಹಾಗೇ ಮಾಡಿದರಾಯಿತು ಅಂದುಕೊಂಡೆ. ಅವ್ವ ತಲೆಗೆ ಹಚ್ಚಲು ಇಟ್ಟಿದ್ದ ಹರಳೆಣ್ಣೆ ಬಾಟಲಿ ತಂದು ಸೀಟಿನ ಸ್ಪ್ರಿಂಗಿಗೆ, ನಟ್ಟಿಗೆ, ಸೀಟಿನ ಕೆಳಗಿನ ಪೈಪಿಗೆ, ಎಲ್ಲೆಲ್ಲಿ ಸಂದು ಇದೆಯೋ ಅಲ್ಲೆಲ್ಲಾ ಸುರಿದೆ. ಮಾರನೇ ದಿನ ಒಂದು ಚೂರೂ ಸದ್ದಿಲ್ಲ. ನನಗೆ ನನ್ನ ಬುದ್ಧಿಯ ಮೇಲೆ ನನಗೇ ಹೆಮ್ಮೆ ಬಂತು.

ಎರಡು ದಿನ ಕಳೆಯಿತು. ಮೂರನೇ ದಿನ ಬೆಳಿಗ್ಗೆ ಮೂರನೇ ಕ್ಲಾಸಿನ ನನ್ನ ತಮ್ಮ ‘ನಾನೂ ಡೇರಿಗೆ ಬತ್ತೀನಿ’ ಎಂದು ಹಟ ಮಾಡಿದ. ಅವನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೊರಟೆ. ಕೆರೆ ಏರಿ ದಾಟಿ ಇಳಿಜಾರು ಬರುತ್ತದಲ್ಲ, ಅಲ್ಲಿ ಒಂದು ಗುಂಡಿ ಇದೆ. ಚಕ್ರ ಗುಂಡಿಗೆ ಬಿದ್ದು ಎದ್ದಿತು. ಅಷ್ಟೇ. ಸೀಟಿನ ಮೂತಿ ಟಕ್ಕಂತ ಮೇಲಕ್ಕೆ ಎದ್ದು, ಹಿಂಭಾಗ ಕೆಳಕ್ಕೆ ಹೋಯಿತು. ನಾನು ಹಿಂದಕ್ಕೆ ಜಾರಿ ತಮ್ಮನ ಮೇಲೆ ಬಿದ್ದೆ. ಹ್ಯಾಂಡಲ್ ತಿರುಗಿತು. ಮೂವರೂ ಬಿದ್ದೆವು, ಅಂದರೆ ನಾನು, ತಮ್ಮ ಮತ್ತು ಸೈಕಲ್.

ಕ್ಯಾನಿನ ಮುಚ್ಚಳ ಹಾರಿ ಹೋಯಿತು. ಹಾಲು ಕೆಂಪು ಮಣ್ಣಿನಲ್ಲಿ ಹರಿಯಿತು. ನಾನು ಕ್ಯಾನು ಎತ್ತುವಷ್ಟರಲ್ಲಿ ತಳದಲ್ಲಿ ಒಂದು ಲೋಟದಷ್ಟು ಉಳಿದಿತ್ತು. ತಮ್ಮನ ಮೊಣಕೈ ತರಚಿ ರಕ್ತ ಬರುತ್ತಿತ್ತು. ಅವನು ಅಳಲಿಲ್ಲ. ‘ಅಕ್ಕಾ, ಹಾಲು’ ಅಂದ. ಅದು ನನಗೆ ಈಗಲೂ ನೆನಪಾಗುತ್ತದೆ.

ಮನೆಗೆ ಬಂದಾಗ ಅಪ್ಪ ದನದ ಕೊಟ್ಟಿಗೆಯ ಮುಂದೆ ನಿಂತಿದ್ದರು. ‘ಏನಾಯ್ತು?’ ಎಂದು ಕೇಳಿದರು. ನನಗೆ ಎಣ್ಣೆಯ ನೆನಪು ಬಂತು. ಹರಳೆಣ್ಣೆ ಬಾಟಲಿ ಅರ್ಧ ಖಾಲಿ ಆಗಿದ್ದೂ ನೆನಪು ಬಂತು. ಬಾಯಿಗೆ ಬಂದದ್ದು ಮಾತ್ರ ಬೇರೆ. ‘ಶಾಪಿನ ತಾತ ಸೀಟು ಸರಿಯಾಗಿ ಬಿಗಿ ಮಾಡಿಲ್ಲ ಅಪ್ಪಾ’ ಅಂದುಬಿಟ್ಟೆ.

ಅಪ್ಪನಿಗೆ ಸಿಟ್ಟು ಬರುವುದು ಕಡಿಮೆ. ಅವತ್ತು ಬಂತು. ಸೈಕಲ್ ತಳ್ಳಿಕೊಂಡು ನೇರವಾಗಿ ಶಾಪಿಗೆ ಹೋದರು. ನಾನು ಹಿಂದೆ ಹಿಂದೆ ಹೋದೆ. ಅವತ್ತು ಸಂತೆ ದಿನ. ಬಸ್ಸಿಗೆ ಕಾಯುವವರು ಏಳೆಂಟು ಜನ ಅಲ್ಲೇ ಇದ್ದರು. ಅವರೆಲ್ಲರ ಮುಂದೆ ಅಪ್ಪ, ‘ಏನ್ ಯಜಮಾನಾ, ಹಿಂಗಾ ಕೆಲ್ಸ ಮಾಡೋದು? ದುಡ್ಡು ಇಸ್ಕೊಂಡು ಮಕ್ಕಳ ಪ್ರಾಣ ತೆಗಿತೀಯಾ?’ ಎಂದು ಕೇಳಿದರು. ತಾತ ಎದ್ದು ಬಂದು ಸೀಟಿನ ಕೆಳಗೆ ಕೈ ಹಾಕಿ ನೋಡಿದರು. ಬೆರಳನ್ನು ಮೂಗಿನ ಹತ್ತಿರ ಹಿಡಿದರು. ನನ್ನ ಕಡೆ ಒಂದು ಸಲ ನೋಡಿದರು. ಆಮೇಲೆ, ‘ತಪ್ಪಾಗಿರ್ಬೋದು ಬಿಡಪ್ಪಾ. ಬಿಟ್ಟೋಗು, ಸರಿ ಮಾಡಿ ಕೊಡ್ತೀನಿ’ ಅಂದರು. ಅಪ್ಪ, ‘ಬೇಡ ನಿನ್ನ ಕೆಲ್ಸ’ ಅಂದರು. ತಾತ ಅಂಗಿ ಜೇಬಿನಿಂದ 30 ರೂಪಾಯಿ ತೆಗೆದು ವಾಪಸ್ ಕೊಟ್ಟರು. ಅಪ್ಪ ಇಸಿದುಕೊಂಡರು. ನಾನು ಅಲ್ಲೇ ನಿಂತಿದ್ದೆ. ನನ್ನ ಬಾಯಿ ಬರಲಿಲ್ಲ.

‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎಂಬ ಗಾದೆಯನ್ನು ಪರೀಕ್ಷೆಯಲ್ಲಿ ನಾನು ಎಷ್ಟೋ ಸಲ ವಿಸ್ತರಿಸಿ ಬರೆದಿದ್ದೇನೆ. ಪೂರ್ತಿ ಅಂಕವೂ ಬಂದಿದೆ. ಅವತ್ತು ಆ ಗಾದೆ ನನ್ನ ಮೇಲೇ ಮಾಡಿದ ಹಾಗೆ ಆಗಿತ್ತು.

ಆಮೇಲೆ ಅವ್ವ, ‘ಸೀಟು ಸರಿಯಾಗೋವರೆಗೂ ಸೈಕಲ್ ಮುಟ್ಟಂಗಿಲ್ಲ’ ಅಂದಳು. ಒಂದು ವಾರ ನಾನು ಕ್ಯಾನು ಹೊತ್ತುಕೊಂಡು ನಡೆದೇ ಡೇರಿಗೆ ಹೋದೆ. ಹೋಗಿ ಬಂದು, ಊಟ ಮಾಡಿ, ಶಾಲೆಗೆ ಬರುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತಿತ್ತು. ಎರಡು ದಿನ ಹೊರಗೆ ನಿಂತಿದ್ದನ್ನು ನೀವೂ ನೋಡಿದ್ದೀರಿ.

ನಾನೇ ಸರಿ ಮಾಡೋಣ ಎಂದು ಅಪ್ಪನ ಕಟಿಂಗ್ ಪ್ಲೇಯರ್ ತೆಗೆದುಕೊಂಡು ನಟ್ಟನ್ನು ತಿರುವಿದೆ. ಎಷ್ಟು ಶಕ್ತಿ ಇದೆಯೋ ಅಷ್ಟೂ ಹಾಕಿದೆ. ಪ್ಲೇಯರ್ ಜಾರಿ ಜಾರಿ ನಟ್ಟಿನ ಆರು ಮೂಲೆಗಳೂ ಸವೆದು ಗುಂಡಗಾದವು. ಸೀಟಿನ ಮೇಲೆ ಕೂತ ಕೂಡಲೇ ಮೂತಿ ಮತ್ತೆ ಮೇಲಕ್ಕೆ ಎದ್ದಿತು. ಕೊನೆಗೆ ಅಳು ಬಂತು.

ಎಂಟನೇ ದಿನ ಭಾನುವಾರ. ಅಪ್ಪ ಅವ್ವ ಕಳೆ ತೆಗೆಯಲು ಹೋಗಿದ್ದರು. ನಾನು ಸೈಕಲ್ ತಳ್ಳಿಕೊಂಡು ಒಬ್ಬಳೇ ಶಾಪಿಗೆ ಹೋದೆ. ತಾತ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ‘ಬಾ ಮಗಾ’ ಅಂದರು. ‘ತಾತಾ, ಬಿಗಿ ಮಾಡಿದ್ರೂ ಜಾರ್ತದೆ’ ಅಂದೆ.

‘ಎಲ್ಲಿ ಜಾರ್ತದೆ?’ ಎಂದು ಕೇಳಿದರು.

‘ಸೀಟು’ ಅಂದೆ.

‘ಸೀಟು ಅಂದ್ರೆ ಆಗಲ್ಲ. ಮೂರು ಕಡೆ ಜಾರೋಕಾಗ್ತದೆ. ಮೊದ್ಲು ಎಲ್ಲಿ ಅಂತ ನೋಡು. ನೋಡ್ದೆ ಬಿಗಿ ಮಾಡೋದು, ಹೊಟ್ಟೆ ನೋವು ಅಂದೋನಿಗೆ ಕಾಲಿಗೆ ಪಟ್ಟಿ ಕಟ್ಟಿದಂಗೆ’ ಅಂದರು. ನನಗೆ ನಗು ಬಂತು. ಅವತ್ತು ತಾತ ಸೈಕಲ್ಲಿಗೆ ಕೈ ಹಾಕಲಿಲ್ಲ. ಒಂದು ಮಣೆಯ ಮೇಲೆ ಕೂತುಕೊಂಡು ಹೇಳುತ್ತಾ ಹೋದರು, ನಾನು ಮಾಡುತ್ತಾ ಹೋದೆ.

ಆ ಮೂರು ಜಾಗ ಯಾವುವು ಎಂದರೆ, ಒಂದನೆಯದು ಸೀಟಿನ ಪೈಪು ಸೈಕಲ್ಲಿನ ಫ್ರೇಮಿನ ಒಳಗೆ ಇಳಿಯುವ ಜಾಗ. ಅಲ್ಲಿ ಫ್ರೇಮಿನ ತುದಿ ಸೀಳಿದ ಹಾಗೆ ಇರುತ್ತದೆ. ಎರಡು ಕಿವಿ ಇರುತ್ತವೆ, ಕಿವಿಗಳ ನಡುವೆ ಬೋಲ್ಟು. ಅದನ್ನು ಬಿಗಿ ಮಾಡಿದರೆ ಕಿವಿಗಳು ಹತ್ತಿರ ಬಂದು ಪೈಪನ್ನು ಹಿಡಿಯುತ್ತವೆ. ಇಲ್ಲಿ ಜಾರಿದರೆ ಸೀಟು ಕೆಳಗೆ ಇಳಿಯುತ್ತದೆ ಅಥವಾ ಎಡಕ್ಕೆ ಬಲಕ್ಕೆ ತಿರುಗುತ್ತದೆ. ಎರಡನೆಯದು ಪೈಪಿನ ಮೇಲ್ತುದಿ. ಸೀಟಿನ ಕೆಳಗಿನ ಕಂಬಿಗಳನ್ನು ಪೈಪಿಗೆ ಹಿಡಿಸುವ ಕಬ್ಬಿಣದ ಹಿಡಿಗೆ ತಾತ ‘ಸೀಟ್ ಕ್ಲಿಪ್’ ಅನ್ನುತ್ತಾರೆ. ಆ ಕ್ಲಿಪ್ ಪೈಪನ್ನು ಸರಿಯಾಗಿ ಕಚ್ಚದಿದ್ದರೂ ಸೀಟು ತಿರುಗುತ್ತದೆ. ಮೂರನೆಯದು ಕ್ಲಿಪ್ಪಿನ ಎರಡೂ ಪಕ್ಕದಲ್ಲಿರುವ ಹಲ್ಲಿನ ಬಿಲ್ಲೆಗಳು. ಒಂದು ಬಿಲ್ಲೆಯ ಹಲ್ಲು ಇನ್ನೊಂದರ ಹಲ್ಲಿನ ಸಂದಿಯಲ್ಲಿ ಕೂರುತ್ತದೆ. ಇಲ್ಲಿ ಜಾರಿದರೆ ಸೀಟಿನ ಮೂತಿ ಮೇಲಕ್ಕೋ ಕೆಳಕ್ಕೋ ಹೋಗುತ್ತದೆ.

ಎಲ್ಲಿ ಜಾರುತ್ತಿದೆ ಎಂದು ತಿಳಿಯುವುದಕ್ಕೆ ಮೂರು ಜಾಗದಲ್ಲೂ ಎರಡೂ ಭಾಗಕ್ಕೆ ಸೇರುವಂತೆ ಒಂದೊಂದು ಗೆರೆ ಎಳೆಯಬೇಕು. ನನ್ನ ಹತ್ತಿರ ಸೀಮೆಸುಣ್ಣ ಇತ್ತು. ಆದರೆ ಎಣ್ಣೆ ಇದ್ದದ್ದರಿಂದ ಗೆರೆ ಹಿಡಿಯಲಿಲ್ಲ. ಶಾಪಿನ ಪಕ್ಕದ ಮನೆಯ ಅಕ್ಕನ ಹತ್ತಿರ ನೇಲ್ ಪಾಲಿಶ್ ಕೇಳಿ ತಂದೆ. ಎಣ್ಣೆ ಒರೆಸಿ, ಮೂರು ಕಡೆಯೂ ಕೆಂಪು ಗೆರೆ ಎಳೆದು ಒಣಗಿಸಿದೆ. ‘ಇದು ನನಗೂ ಹೊಳೆದಿರ್ಲಿಲ್ಲ ಕಣವ್ವಾ’ ಎಂದು ತಾತ ಹೇಳಿದರು.

ಆಮೇಲೆ ಬಸ್ ಸ್ಟಾಪಿನ ಸುತ್ತ ನಿಧಾನವಾಗಿ ಎರಡು ಸುತ್ತು ಹೊಡೆದು ಬಂದು ನೋಡಿದೆ. ಎರಡನೇ ಗೆರೆ ನೆಟ್ಟಗೇ ಇತ್ತು. ಮೂರನೇ ಗೆರೆ ಎರಡು ಹಲ್ಲಿನಷ್ಟು ತಪ್ಪಿತ್ತು. ಒಂದನೇ ಗೆರೆಯೂ ಸ್ವಲ್ಪ ಕೆಳಗೆ ಇಳಿದಿತ್ತು. ಅಂದರೆ ಎರಡು ಕಡೆ ಜಾರುತ್ತಿತ್ತು. ನಾನು ಒಂದು ವಾರ ಒಂದೇ ನಟ್ಟಿನ ಮೇಲೆ ಶಕ್ತಿ ಹಾಕಿದ್ದು ದಂಡ.

ಮೊದಲು ಕ್ಲಿಪ್ ಬಿಚ್ಚಿದೆ. ನಟ್ಟಿನ ಮೂಲೆ ಸವೆದಿದ್ದರಿಂದ ಅದು ಬರುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಒಳಗೆ ನೋಡಿದರೆ ಬಿಲ್ಲೆಗಳ ಹಲ್ಲುಗಳು ಹಳೇ ಗರಗಸದ ಹಾಗೆ ಮೊಂಡಾಗಿದ್ದವು. ಮೇಲೆಲ್ಲಾ ಅಂಟಂಟು ಎಣ್ಣೆ. ತಾತ ವಿವರಿಸಿದರು: ಹಲ್ಲು ಮೊದಲೇ ಸ್ವಲ್ಪ ಸವೆದಿದ್ದರೂ ತುಕ್ಕು, ಧೂಳು ಸೇರಿ ಒರಟಾಗಿ ಹಿಡಿದುಕೊಂಡಿತ್ತು. ಎಣ್ಣೆ ಬಿದ್ದ ಮೇಲೆ ಹಿಡಿತ ತಪ್ಪಿತು. ಒಂದು ಸಲ ಜಾರಿದಾಗ ಹಲ್ಲಿನ ಮೇಲೆ ಹಲ್ಲು ಉಜ್ಜಿ ಇನ್ನಷ್ಟು ಸವೆಯಿತು. ಆಮೇಲೆ ಪ್ರತಿ ಸಲ ಜಾರಿದಾಗಲೂ ಇನ್ನಷ್ಟು.

ಆಗ ನನಗೆ ನಮ್ಮ ವಿಜ್ಞಾನದ ಟೀಚರ್ ಹೇಳಿದ ಘರ್ಷಣೆಯ ಪಾಠ ನೆನಪಾಯಿತು. ಎರಡು ವಸ್ತುಗಳು ಒಂದರ ಮೇಲೊಂದು ಜಾರುವುದನ್ನು ತಡೆಯುವ ಬಲವೇ ಘರ್ಷಣೆ. ಎಣ್ಣೆ ಹಾಕಿದರೆ ಘರ್ಷಣೆ ಕಡಿಮೆಯಾಗುತ್ತದೆ. ಚಕ್ರ, ಚೈನು, ಪೆಡಲ್ ತಿರುಗಬೇಕು, ಅಲ್ಲಿ ಘರ್ಷಣೆ ಕಡಿಮೆ ಇರಬೇಕು, ಅಲ್ಲಿ ಎಣ್ಣೆ ಬೇಕು. ಸೀಟು ತಿರುಗಬಾರದು, ಅಲ್ಲಿ ಘರ್ಷಣೆ ಇರಬೇಕು. ಪರೀಕ್ಷೆಗೆ ಇದನ್ನು ಬಾಯಿಪಾಠ ಮಾಡಿದ್ದೆ. ಕೈಯಲ್ಲಿ ಎಣ್ಣೆ ಬಾಟಲಿ ಹಿಡಿದಾಗ ನೆನಪಾಗಲಿಲ್ಲ.

ಹೊಸ ಹಲ್ಲಿನ ಬಿಲ್ಲೆಗಳು, ಒಂದು ಹೊಸ ಬೋಲ್ಟು, ನಟ್ಟು ಕೊಟ್ಟರು. ಕ್ಲಿಪ್ಪಿನ ಭಾಗಗಳನ್ನು ಚೂರು ಪೆಟ್ರೋಲಿನಲ್ಲಿ ಅದ್ದಿ ಒರೆಸಿದೆ. ಪೆಟ್ರೋಲ್ ಬೆಂಕಿಯ ಹತ್ತಿರ ಇಡಬಾರದು ಎಂದು ಅಲ್ಲಿ ಬೀಡಿ ಸೇದುತ್ತಿದ್ದ ಒಬ್ಬರನ್ನು ತಾತ ಆಚೆ ಕಳಿಸಿದರು. ಮತ್ತೆ ಜೋಡಿಸುವಾಗ ಹಲ್ಲು ಹಲ್ಲಿನ ಸಂದಿಗೆ ಸರಿಯಾಗಿ ಕೂತಿದೆಯೇ ಎಂದು ಕೈಯಲ್ಲಿ ಅಲ್ಲಾಡಿಸಿ ನೋಡಬೇಕು. ಹಲ್ಲಿನ ಮೇಲೆ ಹಲ್ಲು ನಿಂತಿರುವಾಗ ಬಿಗಿ ಮಾಡಿದರೆ ಹೊಸದೂ ಹಾಳಾಗುತ್ತದೆ. ಎರಡೂ ಕಡೆಯ ನಟ್ಟನ್ನು ಈ ಕಡೆ ಸ್ವಲ್ಪ, ಆ ಕಡೆ ಸ್ವಲ್ಪ ಹೀಗೆ ಸಮವಾಗಿ ಬಿಗಿ ಮಾಡಬೇಕು. ಬೋಲ್ಟಿನ ಥ್ರೆಡ್ಡಿಗೆ ಮಾತ್ರ ಒಂದು ತೊಟ್ಟು ಎಣ್ಣೆ ಹಾಕಿಸಿದರು. ನನಗೆ ಆಶ್ಚರ್ಯ ಆಯ್ತು. ‘ಎಣ್ಣೆ ಕೆಟ್ಟದ್ದಲ್ಲ ಮಗಾ. ಥ್ರೆಡ್ಡಿಗೆ ಹಾಕಿದ್ರೆ ನಟ್ಟು ಪೂರ್ತಿ ಬಿಗಿಯಾಗ್ತದೆ, ತುಕ್ಕೂ ಹಿಡಿಯಲ್ಲ. ಹಲ್ಲಿಗೆ ಹಾಕಿದ್ರೆ ಜಾರ್ತದೆ. ಜಾಗ ತಿಳಿದು ಹಾಕ್ಬೇಕು’ ಅಂದರು.

ಆಮೇಲೆ ಪೈಪಿನ ಸರದಿ. ಫ್ರೇಮಿನ ಕಿವಿಗಳನ್ನು ನೋಡು ಅಂದರು. ನೋಡಿದರೆ ಎರಡೂ ಕಿವಿಗಳು ಒಂದಕ್ಕೊಂದು ತಾಗಿ ಹೋಗಿದ್ದವು. ಅಲ್ಲಿ ಸಂದೇ ಇರಲಿಲ್ಲ. ಕಿವಿಗಳು ಕೂಡಿಕೊಂಡ ಮೇಲೆ ಎಷ್ಟು ಬಿಗಿ ಮಾಡಿದರೂ ನಮ್ಮ ಶಕ್ತಿಯೆಲ್ಲಾ ಕಿವಿಗೆ ಹೋಗುತ್ತದೆ, ಪೈಪಿಗೆ ಹೋಗುವುದಿಲ್ಲ. ಹಳೇ ಸೈಕಲ್ಲುಗಳಲ್ಲಿ ಪೈಪು ಸವೆದು ತೂತಿಗಿಂತ ಸಣ್ಣದಾದಾಗ ಹೀಗಾಗುತ್ತದೆ. ಅದಕ್ಕೆ ಪೈಪು ಹೊರಗೆ ತೆಗೆದು ಎಣ್ಣೆ ಒರೆಸಿ, ಹಳೇ ಎಣ್ಣೆ ಡಬ್ಬದ ತಗಡಿನಲ್ಲಿ ಎರಡು ಬೆರಳು ಅಗಲದ ಪಟ್ಟಿ ಕತ್ತರಿಸಿ, ಅಂಚನ್ನು ಅರದಲ್ಲಿ ಉಜ್ಜಿ, ಪೈಪಿಗೆ ಸರಿಯಾಗಿ ಒಂದೇ ಸುತ್ತು ಸುತ್ತಿದೆವು. ತಗಡಿನ ಮೇಲೆ ತಗಡು ಹತ್ತಬಾರದು. ಮೇಲಿನ ಅಂಚನ್ನು ಚೂರು ಹೊರಕ್ಕೆ ಬಗ್ಗಿಸಿದರೆ ತಗಡು ಒಳಗೆ ಬಿದ್ದು ಹೋಗುವುದಿಲ್ಲ. ಈಗ ಬೋಲ್ಟು ಬಿಗಿ ಮಾಡಿದರೆ ಕಿವಿಗಳ ನಡುವೆ ಒಂದು ನಾಣ್ಯ ತೂರುವಷ್ಟು ಸಂದು ಉಳಿಯಿತು. ಪೈಪು ಅಲ್ಲಾಡಲಿಲ್ಲ.

ನಾನು ಸೀಟಿನ ಮೇಲೆ ಕೂತೆ. ಹಿಂದಕ್ಕೆ ಒರಗಿದೆ. ಎರಡು ಕೈಯಲ್ಲಿ ಮೂತಿ ಹಿಡಿದು ಎತ್ತಿದೆ, ಅಮುಕಿದೆ. ಕದಲಲಿಲ್ಲ. ಮತ್ತೆ ಮೂರು ಕೆಂಪು ಗೆರೆ ಹೊಸದಾಗಿ ಎಳೆದೆ.

‘ಎಷ್ಟು ತಾತಾ?’ ಎಂದು ಕೇಳಿದೆ. ಕೈಯಲ್ಲಿ ಹಬ್ಬಕ್ಕೆ ಮಾಮ ಕೊಟ್ಟಿದ್ದ 50 ರೂಪಾಯಿ ಇತ್ತು. ತಾತ, ‘ಸಾಮಾನಿಗೆ 40. ಕೂಲಿ ಬ್ಯಾಡ, ಕೆಲ್ಸ ನೀನೇ ಮಾಡಿದ್ದು’ ಅಂದರು. ಆಗ ನನಗೆ ತಡೆಯಲಾಗಲಿಲ್ಲ. ‘ತಾತಾ, ಎಣ್ಣೆ ಹಾಕಿದ್ದು ನಾನೇ. ನಿಮ್ಮ ಮೇಲೆ ಹೇಳಿದ್ದೂ ನಾನೇ’ ಎಂದು ಹೇಳಿ ಅತ್ತುಬಿಟ್ಟೆ.

ತಾತ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಅವತ್ತೇ ಗೊತ್ತಾಯ್ತು. ನನ್ನ ಶಾಪಲ್ಲಿ ಹರಳೆಣ್ಣೆ ಎಲ್ಲದೆ?’ ಅಂದರು.

‘ಮತ್ತೆ ಅಪ್ಪಂಗೆ ಯಾಕೆ ಹೇಳಲಿಲ್ಲ?’

‘ಅಷ್ಟು ಸಿಟ್ಟಲ್ಲಿ ಹೇಳಿದ್ರೆ ನಿಂಗೆ ಅಲ್ಲೇ ಹೊಡೀತಿದ್ದ. ಆಮೇಲೆ ನಿನ್ ಕೈಗೆ ಸೈಕಲ್ ಕೊಡ್ತಿರ್ಲಿಲ್ಲ. ಸೈಕಲ್ ಬಿಟ್ರೆ ನೀನು ಇಸ್ಕೂಲಿಗೆ ಹೋಗೋದೂ ತಪ್ತದೆ. ನನಗೇನು, ವಯಸ್ಸಾಯ್ತು, ಒಂದು ಮಾತು ಅನ್ನಿಸ್ಕೊಂಡ್ರೆ ಏನಾಯ್ತು’ ಅಂದರು. ಹಾಗೆ ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ, ಒಂದು ಟ್ಯೂಬನ್ನು ನೀರಿನಲ್ಲಿ ಅದ್ದುತ್ತಿದ್ದರು. ಏನೂ ಆಗಿಲ್ಲ ಎಂದು ಬಾಯಲ್ಲಿ ಹೇಳಿದರೂ ಅವರಿಗೆ ನೋವಾಗಿದೆ ಎಂದು ನನಗೆ ತಿಳಿಯಿತು. ಸಂತೆಯ ದಿನದಿಂದ ಇಬ್ಬರು ಮೂವರು ಅವರ ಶಾಪಿಗೆ ಬರುವುದನ್ನು ಬಿಟ್ಟಿದ್ದಾರೆ ಎಂದು ನೇಲ್ ಪಾಲಿಶ್ ಕೊಟ್ಟ ಅಕ್ಕ ಹೇಳಿದ್ದಳು.

ಅವತ್ತು ರಾತ್ರಿ ಊಟ ಆದ ಮೇಲೆ ಅಪ್ಪನಿಗೆ ಎಲ್ಲಾ ಹೇಳಿದೆ. ಅಪ್ಪ ಹೊಡೆಯಲಿಲ್ಲ. ಬಹಳ ಹೊತ್ತು ಮಾತಾಡಲಿಲ್ಲ. ಹೊಡೆದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಮಾರನೇ ದಿನ ಬೆಳಿಗ್ಗೆ ನನ್ನನ್ನೂ ಕರೆದುಕೊಂಡು ಶಾಪಿಗೆ ಹೋದರು. ಅಪ್ಪ ಕ್ಷಮಿಸಿ ಅಂತೇನೂ ಹೇಳಲಿಲ್ಲ. ಮಣೆಯ ಮೇಲೆ 30 ರೂಪಾಯಿ ಇಟ್ಟು, ಪಕ್ಕದಲ್ಲಿ ನಮ್ಮ ತೋಟದ ಎರಡು ತೆಂಗಿನಕಾಯಿ ಇಟ್ಟರು. ‘ಮಗು ಎಲ್ಲಾ ಹೇಳ್ತು ಯಜಮಾನ್ರೇ’ ಅಂದರು. ತಾತ, ‘ಕಾಯಿ ಯಾಕಪ್ಪಾ’ ಎಂದು ಹೇಳಿ ಟೀ ತರಿಸಿದರು. ಇಬ್ಬರೂ ಮಳೆ ವಿಷಯ ಮಾತಾಡುತ್ತಾ ಟೀ ಕುಡಿದರು. ಆದರೆ ನನಗೆ ಶಿಕ್ಷೆ ತಪ್ಪಲಿಲ್ಲ. ‘ಹದಿನೈದು ದಿನ ನಡ್ಕೊಂಡೇ ಡೇರಿಗೆ ಹೋಗು’ ಎಂದು ಅಪ್ಪ ಹೇಳಿದರು. ಹೋದೆ. ಈ ಸಲ ಬೇಜಾರಾಗಲಿಲ್ಲ.

ಈ ವಿಷಯವನ್ನು ನಮ್ಮ ವಿಜ್ಞಾನದ ಟೀಚರಿಗೆ ಹೇಳಿದಾಗ ಅವರು ಬೋರ್ಡಿನ ಮೇಲೆ ಸೀಟಿನ ಚಿತ್ರ ಬರೆದು ಒಂದು ಲೆಕ್ಕ ಮಾಡಿ ತೋರಿಸಿದರು. ಸೀಟೂ ಒಂದು ಸನ್ನೆಯ ಹಾಗೆ, ಕ್ಲಿಪ್ಪಿನ ಬೋಲ್ಟೇ ಅದರ ಆಧಾರ ಬಿಂದು. ನನ್ನ ತೂಕ 32 ಕಿಲೋ. ಗುಂಡಿ ಬಂದಾಗ ನಾನು ಬೋಲ್ಟಿನಿಂದ 4 ಇಂಚು ಹಿಂದಕ್ಕೆ ಕೂತಿದ್ದೆ ಅಂದುಕೊಳ್ಳಿ. ಹಲ್ಲುಗಳು ಬೋಲ್ಟಿನಿಂದ ಅರ್ಧ ಇಂಚು ದೂರದಲ್ಲಿವೆ. 4 ಇಂಚು ಅರ್ಧ ಇಂಚಿನ 8 ಪಟ್ಟು. ಪೂರ್ತಿ ಭಾರ ಸೀಟಿನ ಮೇಲೆ ಇದ್ದರೆ ಹಲ್ಲುಗಳು ತಡೆಯಬೇಕಾದ್ದು 32 × 8 = 256 ಕಿಲೋ ಭಾರ. ಅಂದರೆ 50 ಕಿಲೋದ ರಾಗಿ ಮೂಟೆ ಐದಕ್ಕಿಂತ ಜಾಸ್ತಿ! ಅಷ್ಟು ಚಿಕ್ಕ ಹಲ್ಲುಗಳು ಅಷ್ಟು ಭಾರ ತಡೆಯುತ್ತವೆ. ಗುಂಡಿಯಲ್ಲಿ ಎಗರಿದರೆ ಇನ್ನೂ ಜಾಸ್ತಿ. ಅದಕ್ಕೆ ಬರೀ ಒತ್ತಿ ಹಿಡಿದರೆ ಸಾಲದು ಎಂದೇ ಅಲ್ಲಿ ಹಲ್ಲು ಮಾಡಿರುವುದು.

ನಮ್ಮ ಚಿಕ್ಕಮ್ಮನಿಗೆ ಎಂಟನೇ ತರಗತಿಯಲ್ಲಿ ಸರ್ಕಾರದಿಂದ ಸೈಕಲ್ ಬಂದಿತ್ತು. 2006-07ರಲ್ಲಿ ಕರ್ನಾಟಕದಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವುದನ್ನು ಶುರು ಮಾಡಿದರು. ಚಿಕ್ಕಮ್ಮನದು ಬಾರ್ ಇಲ್ಲದ ಲೇಡೀಸ್ ಸೈಕಲ್. ಅಟ್ಟದಲ್ಲಿದ್ದ ಅದನ್ನೂ ಇಳಿಸಿ ನೋಡಿದೆ. ಅದರಲ್ಲೂ ಅದೇ ಪೈಪು, ಅದೇ ಕ್ಲಿಪ್ಪು, ಅದೇ ಹಲ್ಲು. ಆದ್ದರಿಂದ ನಾನು ಕಲಿತದ್ದು ನಿಮ್ಮಲ್ಲಿ ಬಹಳ ಜನರ ಸೈಕಲ್ಲಿಗೆ ಉಪಯೋಗ ಆಗಬಹುದು. ಅದನ್ನು ಚಿಕ್ಕದಾಗಿ ಬರೆಯುತ್ತೇನೆ.

1. ಬಿಗಿ ಮಾಡುವ ಮೊದಲು ಗೆರೆ ಎಳೆದು ಎಲ್ಲಿ ಜಾರುತ್ತಿದೆ ಎಂದು ನೋಡಿ.

2. ಸೀಟಿನ ಪೈಪಿಗೆ, ಕ್ಲಿಪ್ಪಿನ ಹಲ್ಲಿಗೆ ಎಣ್ಣೆ ಸುರಿಯಬೇಡಿ. ಸುರಿದಿದ್ದರೆ ಬಿಚ್ಚಿ ಪೂರ್ತಿ ಒರೆಸಿ.

3. ಹಲ್ಲು ಮೊಂಡಾಗಿದ್ದರೆ ಬಿಗಿ ಮಾಡಿ ಪ್ರಯೋಜನ ಇಲ್ಲ, ಬಿಲ್ಲೆಗಳನ್ನು ಬದಲಾಯಿಸಿ.

4. ಫ್ರೇಮಿನ ಕಿವಿಗಳು ಕೂಡಿಕೊಂಡಿದ್ದರೆ ಪೈಪಿಗೆ ತಗಡು ಸುತ್ತಬೇಕು. ಇದನ್ನು ದೊಡ್ಡವರ ಜೊತೆ ಮಾಡಿ, ತಗಡು ಕೈ ಕೊಯ್ಯುತ್ತದೆ.

5. ನಟ್ಟಿನ ಅಳತೆಗೆ ಸರಿಯಾದ ಸ್ಪ್ಯಾನರ್ ಹಾಕಿ. ಕಟಿಂಗ್ ಪ್ಲೇಯರ್ ಹಾಕಿದರೆ ನಟ್ಟಿನ ಮೂಲೆ ಹೋಗುತ್ತದೆ.

6. ಪೈಪು ಕಡಿಮೆ ಅಂದರೆ ನಾಲ್ಕು ಬೆರಳಾದರೂ ಫ್ರೇಮಿನ ಒಳಗೆ ಇರಬೇಕು. ಉದ್ದ ಆಗಿದ್ದೀವಿ ಅಂತ ಪೂರ್ತಿ ಮೇಲಕ್ಕೆ ಎಳೆಯಬಾರದು.

7. ಹೊಸ ಬಿಲ್ಲೆ ಹಾಕಿದ ಎರಡು ಮೂರು ದಿನದ ಮೇಲೆ ಇನ್ನೊಂದು ಸಲ ಬಿಗಿ ಮಾಡಿ. ತುಳಿದಾಗ ಅವು ಸ್ವಲ್ಪ ಕೂರುತ್ತವೆ, ನಟ್ಟು ಸಡಿಲ ಆಗುತ್ತದೆ.

8. ಗುಂಡಿ ಬಂದಾಗ ಪೆಡಲ್ ಮೇಲೆ ಭಾರ ಹಾಕಿ ಸೀಟಿನಿಂದ ಚೂರು ಏಳಿ. ಸೀಟಿನ ಮೂತಿ ಹಿಡಿದು ಸೈಕಲ್ ಎತ್ತಬೇಡಿ.

ನಮ್ಮ ಸೀಟು ಈಗಲೂ ಗಟ್ಟಿಯಾಗಿದೆ. ದಿನಾ ಬೆಳಿಗ್ಗೆ ಕ್ಯಾನು ನೇತು ಹಾಕುವ ಮೊದಲು ಮೂರು ಕೆಂಪು ಗೆರೆ ನೋಡುತ್ತೇನೆ. ತಮ್ಮನೂ ಬಗ್ಗಿ ನೋಡಿ, ‘ನೆಟ್ಟಗದೆ ಅಕ್ಕಾ’ ಎಂದು ಹೇಳಿ ಆಮೇಲೇ ಹತ್ತುತ್ತಾನೆ. ಅವನ ಮೊಣಕೈ ಮೇಲೆ ಚಿಕ್ಕ ಕಲೆ ಉಳಿದಿದೆ. ‘ಕಿರ್ರ್’ ಸದ್ದು ಸ್ವಲ್ಪ ಸ್ವಲ್ಪ ಬರುತ್ತದೆ, ಅದು ಸ್ಪ್ರಿಂಗಿನದು. ಯಾರಾದರೂ ಎತ್ತಿನ ಗಾಡಿ ಅಂದರೆ ಅನ್ನಲಿ.

ಕೊನೆಯದಾಗಿ, ಮೊದಲೇ ಹೇಳಿದ ಇನ್ನೊಂದು ವಿಷಯ. ಅಪ್ಪ ತಾತನ ಶಾಪಿಗೆ ಹೋಗಿ ಸರಿ ಮಾಡಿಕೊಂಡಾಗ ಅಲ್ಲಿ ಮೂವರೇ ಇದ್ದೆವು. ಬೈದಾಗ ಏಳೆಂಟು ಜನ ಇದ್ದರು. ಅವರು ಊರಲ್ಲಿ ಇನ್ನೂ ಎಷ್ಟು ಜನಕ್ಕೆ ಹೇಳಿದ್ದಾರೋ ನನಗೆ ಗೊತ್ತಿಲ್ಲ. ಎಲ್ಲರ ಮನೆಗೂ ಹೋಗಿ ಹೇಳಲು ನನ್ನಿಂದ ಆಗುವುದಿಲ್ಲ. ಈ ಗೋಡೆ ಪತ್ರಿಕೆಯನ್ನು ನೀವೆಲ್ಲಾ ಓದುತ್ತೀರಿ, ಶಾಲೆಗೆ ಬರುವ ನಿಮ್ಮ ಅಪ್ಪ ಅವ್ವಂದಿರೂ ಓದುತ್ತಾರೆ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಅವತ್ತು ಸೀಟು ಜಾರಿದ್ದು ನಾನು ಎಣ್ಣೆ ಹಾಕಿದ್ದರಿಂದ. ತಾತನ ಕೆಲಸ ಸರಿಯಾಗಿಯೇ ಇತ್ತು. ದಯವಿಟ್ಟು ನಿಮ್ಮ ಮನೆಯಲ್ಲಿ ಇದನ್ನು ಹೇಳಿ. ನಿಮ್ಮ ಸೈಕಲ್ ಕೆಟ್ಟರೆ ಅವರ ಶಾಪಿಗೇ ತೆಗೆದುಕೊಂಡು ಹೋಗಿ.

ಯಾರದ್ದಾದರೂ ಸೀಟು ಜಾರುತ್ತಿದ್ದರೆ ಶನಿವಾರ ಶಾಲೆ ಬಿಟ್ಟ ಮೇಲೆ ನನ್ನ ಹತ್ತಿರ ತನ್ನಿ. ಗೆರೆ ಎಳೆದು ಎಲ್ಲಿ ಎಂದು ನೋಡಿ ಹೇಳುತ್ತೇನೆ. ನೇಲ್ ಪಾಲಿಶ್ ಮಾತ್ರ ನೀವೇ ತರಬೇಕು, ಆ ಅಕ್ಕನ ಬಾಟಲಿ ಖಾಲಿಯಾಗಿದೆ.

ಇಂತಿ ನಿಮ್ಮ ಸಹಪಾಠಿ,
ಏಳನೇ ತರಗತಿಯ ವಿದ್ಯಾರ್ಥಿನಿ